ಸಾಲ ಬೇಗ ತೀರಲಿ, ಅಲ್ಲಿಯವರೆಗೆ ಮನೆಯಲ್ಲಿ ಬದುಕುವುದು ಬೇಡವಾ?

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಇಬ್ಬರ ಒಪ್ಪಿಗೆಯೂ ಇದೆ.)

ದಂಪತಿಗಳಿಗೆ ಸಲಹೆ ಕೊಡುವ ನನ್ನ ಹತ್ತಿರ ಮೊದಲು ಬಂದವರು ಹೆಂಡತಿ. ವಯಸ್ಸು ನಲವತ್ತರ ಒಳಗೆ. ಇಬ್ಬರೂ ದುಡಿಯುತ್ತಾರೆ, ಹತ್ತು ವರ್ಷದ ಮಗಳಿದ್ದಾಳೆ, ಎರಡು ವರ್ಷದ ಹಿಂದೆ ಸಾಲ ಮಾಡಿ ಮನೆ ಕೊಂಡಿದ್ದಾರೆ. ಕುಡಿತವಿಲ್ಲ, ಹೊಡೆತವಿಲ್ಲ, ಅನುಮಾನವೂ ಇಲ್ಲ. "ನನ್ನ ದೂರು ಕೇಳಿದ್ರೆ ನೀವು ನಗ್ತೀರಿ ಮೇಡಂ" ಅಂದರು. "ನನ್ನ ಗಂಡ ಸಾಲ ತೀರಿಸ್ತಿದ್ದಾರೆ. ಅದೇ ನನ್ನ ಕಷ್ಟ."

ನನಗೆ ನಗು ಬರಲಿಲ್ಲ. ಈ ಥರದ ದೂರು ಹೊಸದೂ ಅಲ್ಲ. ದುಡ್ಡು ಪೋಲು ಮಾಡುವ ಗಂಡನ ಬಗ್ಗೆ ದೂರಿದರೆ ನಾಲ್ಕು ಜನ ಪಾಪ ಅನ್ನುತ್ತಾರೆ. ಉಳಿಸುವ ಗಂಡನ ಬಗ್ಗೆ ದೂರಿದರೆ "ಅದೃಷ್ಟವಂತೆ ಕಣೇ ನೀನು" ಅನ್ನುತ್ತಾರೆ. ಹಾಗಾಗಿ ಆಕೆ ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ.

ಸಾಲ 20 ವರ್ಷದ್ದು, ಬಡ್ಡಿ ವರ್ಷಕ್ಕೆ ಶೇ. 9. ಗಂಡ ಮೊದಲ ತಿಂಗಳಿನಿಂದಲೇ ಕಂತಿನ ಎರಡರಷ್ಟು ಕಟ್ಟುತ್ತಿದ್ದರು. ಒಂದು ಕಂತು ಕಟ್ಟಲೇಬೇಕಾದದ್ದು, ಇನ್ನೊಂದು ನೇರ ಅಸಲಿಗೆ. ಅದಕ್ಕಾಗಿ ಸಂಜೆ ಹೊತ್ತು ಬೇರೆ ಕೆಲಸವನ್ನೂ ಹಿಡಿದಿದ್ದರು. ಮನೆಗೆ ಏನೇ ಬೇಕೆಂದರೂ ಅದನ್ನು ದಿನಗಳ ಲೆಕ್ಕಕ್ಕೆ ಇಳಿಸುತ್ತಿದ್ದರು. ಕುರ್ಚಿ ಅಂದರೆ ಸಾಲ ಮುಗಿಯುವುದು ಹತ್ತು ದಿನ ತಡ. ಗೋಡೆಗೆ ಬಣ್ಣ ಅಂದರೆ ಎರಡು ತಿಂಗಳು ತಡ. ಬೇಡ ಅಂತ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಲೆಕ್ಕ ಹೇಳಿ ಸುಮ್ಮನಾಗುತ್ತಿದ್ದರು. ಕೇಳಿದವರಿಗೇ ತಪ್ಪು ಮಾಡಿದಂತೆ ಅನ್ನಿಸುತ್ತಿತ್ತು.

ಸಾಮಾನು ತುಂಬಿದ ಕೆಲವು ಡಬ್ಬಗಳನ್ನು ಇನ್ನೂ ಬಿಚ್ಚಿರಲಿಲ್ಲ, ಇಡಲು ಕಪಾಟಿಲ್ಲ ಅಂತ. ಬಚ್ಚಲಿನ ಪೈಪು ಸೋರುತ್ತಿತ್ತು, ಆಮೇಲೆ ನೋಡೋಣ ಅಂತ ಬಿಟ್ಟಿದ್ದರು. ಮಗಳು ಒಂದು ದಿನ "ಸಾಲ ಮುಗಿದ ಮೇಲೆ ನನ್ನ ಫ್ರೆಂಡ್ಸ್‌ನ ಮನೆಗೆ ಕರೀಬಹುದಾ?" ಅಂತ ಕೇಳಿದಳಂತೆ. ಆ ಮಾತಿನ ಮೇಲೆಯೇ ತಾಯಿ ನನ್ನಲ್ಲಿಗೆ ಬಂದದ್ದು.

ಇನ್ನೊಂದು ಸಂಗತಿಯನ್ನು ಆಕೆ ಹೊರಡುವ ಹೊತ್ತಿಗೆ ಹೇಳಿದರು. ಗಂಡನಿಗೆ ತಿಳಿಯದಂತೆ ಕ್ರೆಡಿಟ್ ಕಾರ್ಡ್‌ನಲ್ಲಿ ಮನೆಗೆ ಬೇಕಾದ ಸಣ್ಣಪುಟ್ಟದ್ದು ತರುತ್ತಿದ್ದರು. ಪರದೆ, ಮಗಳ ಓದುವ ಮೇಜು, ಹೀಗೆ. ತಿಂಗಳು ತಿಂಗಳು ಕನಿಷ್ಠ ಮೊತ್ತ ಮಾತ್ರ ಕಟ್ಟುತ್ತಿದ್ದರು. ಬಾಕಿ ಬೆಳೆದಿತ್ತು.

ನೋಡಿ, ಒಂದೇ ಮನೆಯಲ್ಲಿ ಒಬ್ಬರು ಶೇ. 9ರ ಸಾಲವನ್ನು ಓಡೋಡಿ ತೀರಿಸುತ್ತಿದ್ದಾರೆ. ಇನ್ನೊಬ್ಬರು ಅದರ ಹಲವು ಪಟ್ಟು ಬಡ್ಡಿಯ ಸಾಲವನ್ನು ಗುಟ್ಟಾಗಿ ಬೆಳೆಸುತ್ತಿದ್ದಾರೆ. ಬಿಗಿ ಜಾಸ್ತಿಯಾದ ಮನೆಗಳಲ್ಲಿ ಇದನ್ನು ನಾನು ಆಗಾಗ ಕಾಣುತ್ತೇನೆ. ಖರ್ಚು ನಿಲ್ಲುವುದಿಲ್ಲ, ಕಣ್ಣಿಗೆ ಬೀಳದ ಕಡೆಗೆ ಹೋಗುತ್ತದೆ. ಕಾರ್ಡಿನ ವಿಷಯವನ್ನು ನಾನು ಗಂಡನಿಗೆ ಹೇಳುವ ಹಾಗಿಲ್ಲ. ಅದನ್ನು ಆಕೆಯೇ ಹೇಳಬೇಕು, ಹೇಳದೆ ಇಬ್ಬರನ್ನೂ ಕೂರಿಸಿ ಲೆಕ್ಕ ಮಾಡುವುದರಲ್ಲಿ ಅರ್ಥವಿಲ್ಲ ಎಂದೆ. ಆಕೆ ಸಮಯ ಕೇಳಿದರು.

ಆಮೇಲೆ ಗಂಡ ಬಂದರು, ಒಂದು ಫೈಲಿನ ಸಮೇತ. ಜಗಳಕ್ಕೆ ಸಿದ್ಧರಾಗಿಯೇ ಬಂದಿದ್ದರು. "ನಾನು ತಪ್ಪು ಮಾಡ್ತಿದೀನಿ ಅಂತ ಲೆಕ್ಕದಲ್ಲಿ ತೋರ್ಸಿ ಮೇಡಂ."

ಲೆಕ್ಕದಲ್ಲಿ ಅವರು ತಪ್ಪಿರಲಿಲ್ಲ. ಅದನ್ನು ಮೊದಲು ಒಪ್ಪಿಕೊಂಡೆ. ಒಪ್ಪದೆ ಇದ್ದರೆ ಅವರು ಮುಂದೆ ಕಿವಿಯನ್ನೇ ಕೊಡುತ್ತಿರಲಿಲ್ಲ. 20 ವರ್ಷದ, ಶೇ. 9ರ ಸಾಲದಲ್ಲಿ ಮೊದಲ ಕಂತನ್ನು ನೂರು ಭಾಗ ಮಾಡಿದರೆ ಸುಮಾರು 83 ಭಾಗ ಬಡ್ಡಿಗೆ ಹೋಗುತ್ತದೆ, 17 ಭಾಗ ಮಾತ್ರ ಅಸಲಿಗೆ. ಸುಮ್ಮನೆ ಕಂತು ಕಟ್ಟುತ್ತಾ ಹೋದರೆ ಅಸಲು ಅರ್ಧಕ್ಕೆ ಇಳಿಯಲು 14 ವರ್ಷ ಬೇಕು. ಅದೇ ಒಂದು ವರ್ಷ ಕಳೆದ ಮೇಲೆ ಒಂದೇ ಒಂದು ಕಂತು ಹೆಚ್ಚಾಗಿ ಕಟ್ಟಿದರೂ ಕೊನೆಯ ಐದು ಕಂತು ಉದುರಿಹೋಗುತ್ತವೆ. ಅದನ್ನೇ 18 ವರ್ಷದ ಹೊತ್ತಿಗೆ ಕಟ್ಟಿದರೆ ಉದುರುವುದು ಒಂದಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೆ. ಮೊದಲ ವರ್ಷಗಳಲ್ಲೇ ಅಸಲು ಇಳಿಸಬೇಕು ಅನ್ನುವುದು ಇದಕ್ಕೇ. ತಿಂಗಳಿಗೆ ಎರಡು ಕಂತಿನಂತೆ ಕಟ್ಟಿದರೆ ಇಡೀ ಸಾಲ 6 ವರ್ಷಕ್ಕೆ ಮುಗಿಯುತ್ತದೆ. ಅವರ ಫೈಲಿನಲ್ಲೂ ಇದೇ ಇತ್ತು.

"ಸಾಲ ಇದ್ದರೆ ಇರಲಿ ಬಿಡಿ, ಜೀವನ ಅನುಭವಿಸಿ" ಎನ್ನುವ ಸಲಹೆ ನನಗೂ ಹಿಡಿಸುವುದಿಲ್ಲ. ಅದನ್ನು ಹೇಳುವವರು ಕಂತು ಕಟ್ಟಿಕೊಡುವುದಿಲ್ಲವಲ್ಲ. ಆ ದುಡ್ಡನ್ನು ಬೇರೆ ಕಡೆ ಹೂಡಿದರೆ ಇನ್ನೂ ಜಾಸ್ತಿ ಬರುತ್ತದೆ ಎನ್ನುವ ವಾದವೂ ಇದೆ. ಬರಬಹುದು, ಬಾರದೆಯೂ ಇರಬಹುದು. ಸಾಲದ ಬಡ್ಡಿ ಉಳಿಯುವುದಂತೂ ಖಚಿತ.

ಹಾಗಾಗಿ ಲೆಕ್ಕ ಬಿಟ್ಟು ಬೇರೆ ಕೇಳಿದೆ. "ಸಾಲ ಮುಗಿದ ಮರುದಿನ ಏನು ಮಾಡ್ತೀರಿ?" ತುಂಬ ಹೊತ್ತು ಯೋಚಿಸಿ, "ಸಂಜೆ ಬೇಗ ಮನೆಗೆ ಬಂದು ಸುಮ್ನೆ ಕೂತ್ಕೋತೀನಿ" ಎಂದರು. ಅದಕ್ಕೆ ದುಡ್ಡು ಬೇಡವಲ್ಲ, ಅಂದೆ. ಉತ್ತರ ಬರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಬೇರೆಯೇ ಮಾತು ಬಂತು. ಮದುವೆಯಾದ ಹೊಸತರಲ್ಲಿ ಕೆಲಸ ಹೋಗಿ ಕೆಲವು ತಿಂಗಳು ಮನೆಯಲ್ಲಿ ಕೂತಿದ್ದರು. ಬಾಡಿಗೆಗೆ ಸಾಲ ಕೇಳಬೇಕಾಗಿ ಬಂದಿತ್ತು. "ಮತ್ತೆ ಹಾಗಾದ್ರೆ ಮನೆ ಹೋಗುತ್ತೆ. ಅದಕ್ಕೇ ಈ ಅವಸರ."

ಇಲ್ಲಿ ನಾನು ಅವರ ಕೈಯಲ್ಲಿದ್ದ ಫೈಲನ್ನೇ ತೆರೆಸಿದೆ. ಬ್ಯಾಂಕ್ ಖಾತೆಯಲ್ಲಿ ಉಳಿದದ್ದು ಎಷ್ಟು? ಒಂದು ತಿಂಗಳ ಖರ್ಚಿಗೂ ಸಾಲದಷ್ಟು. ಎರಡು ವರ್ಷದಲ್ಲಿ ಅಸಲಿನ ಶೇ. 27ರಷ್ಟು ತೀರಿಸಿದ್ದಾರೆ, ದೊಡ್ಡ ಮಾತೇ. ಆದರೆ ನಾಳೆ ಕೆಲಸ ಹೋದರೆ? ಇಷ್ಟು ಹೆಚ್ಚಿಗೆ ಕಟ್ಟಿದ್ದೇವೆ, ಈ ತಿಂಗಳು ಬಿಟ್ಟುಬಿಡಿ ಎಂದರೆ ಸಾಲ ಕೊಟ್ಟವರು ಬಿಡಬೇಕೆಂದಿಲ್ಲ. ಹೆಚ್ಚು ಕಟ್ಟಿದ್ದು ಕೊನೆಯ ಕಂತುಗಳನ್ನು ಅಳಿಸಿದೆ, ಬರುವ ತಿಂಗಳ ಕಂತನ್ನಲ್ಲ. ಸಾಮಾನ್ಯ ಮನೆ ಸಾಲದಲ್ಲಿ ಅಸಲಿಗೆ ಹಾಕಿದ ದುಡ್ಡನ್ನು ಬೇಕೆಂದಾಗ ವಾಪಸ್ ತೆಗೆಯಲೂ ಆಗುವುದಿಲ್ಲ. ಹಾಗೆ ತೆಗೆಯಲು ಬಿಡುವ ಸಾಲಗಳು ಬೇರೆ, ಇವರದ್ದು ಅದಲ್ಲ. ಯಾವ ಭಯಕ್ಕೆ ಇಷ್ಟು ಒದ್ದಾಡುತ್ತಿದ್ದರೋ ಆ ಭಯಕ್ಕೆ ಅವರ ಹತ್ತಿರ ಯಾವ ಆಸರೆಯೂ ಇರಲಿಲ್ಲ. ಇದು ಅವರಿಗೆ ತಟ್ಟಿತು. ಹೆಂಡತಿ ಮಗಳ ಬೇಸರಕ್ಕಿಂತ ಇದು ಜಾಸ್ತಿ ತಟ್ಟಿತು ಎನ್ನುವುದನ್ನೂ ಮುಚ್ಚಿಡುವುದಿಲ್ಲ. ಮನುಷ್ಯರು ಬದಲಾಗಲು ತಮ್ಮದೇ ಕಾರಣ ಬೇಕು, ಪರವಾಗಿಲ್ಲ.

ಅಷ್ಟರಲ್ಲಿ ಹೆಂಡತಿ ಕಾರ್ಡಿನ ವಿಷಯ ಹೇಳಿಬಿಟ್ಟಿದ್ದರು, ಮನೆಯಲ್ಲೇ. ಕೆಲವು ದಿನ ಮಾತು ನಿಂತಿತ್ತಂತೆ. ಇಬ್ಬರೂ ಒಟ್ಟಿಗೆ ಬಂದಾಗ ಗಂಡ ಕೇಳಿದ ಮೊದಲ ಪ್ರಶ್ನೆ "ನನ್ನ ಹತ್ರ ಯಾಕೆ ಹೇಳಲಿಲ್ಲ ನೀನು?" "ಕೇಳಿದ್ರೆ ನೀವು ದಿನ ಎಣಿಸ್ತಿದ್ರಿ" ಎಂದರು ಆಕೆ. ಇದಕ್ಕೆ ನಾನು ಏನೂ ಸೇರಿಸಬೇಕಾಗಿರಲಿಲ್ಲ. ಆದರೆ ಆಕೆಗೂ ಒಂದು ಮಾತು ಹೇಳಿದೆ. ಮನೆಗಾಗಿಯೇ ತಂದರೂ ಬಚ್ಚಿಟ್ಟ ಸಾಲ ಬಚ್ಚಿಟ್ಟ ಸಾಲವೇ. ಒಬ್ಬರು ಬಿಗಿ ಹಿಡಿದದ್ದು ಇನ್ನೊಬ್ಬರ ಗುಟ್ಟಿಗೆ ಪರವಾನಗಿ ಆಗುವುದಿಲ್ಲ.

ಸಲಹೆಗೆ ಬರುತ್ತೇನೆ. ನಾನು ಹಣಕಾಸಿನ ಸಲಹೆಗಾರ್ತಿಯಲ್ಲ, ಆದರೆ ಇವರ ಜಗಳ ಲೆಕ್ಕದ ಒಳಗೇ ಇತ್ತು. ಅದನ್ನು ಬಿಟ್ಟು ಬರೀ ಪ್ರೀತಿ, ಹೊಂದಾಣಿಕೆ ಅಂತ ಮಾತಾಡಿದ್ದರೆ ಗಂಡ ಮತ್ತೆ ಬರುತ್ತಿರಲಿಲ್ಲ.

ಹೆಚ್ಚುವರಿ ಕಂತನ್ನು ಆರು ತಿಂಗಳು ಪೂರ್ತಿ ನಿಲ್ಲಿಸಲು ಹೇಳಿದೆ. ಆ ದುಡ್ಡಿನಲ್ಲಿ ಮೊದಲು ಕಾರ್ಡಿನ ಬಾಕಿ ತೀರಬೇಕು, ಯಾಕೆಂದರೆ ಬಡ್ಡಿ ಹೆಚ್ಚಿರುವುದು ಅಲ್ಲಿ. ಉಳಿದದ್ದು ಬೇಕೆಂದಾಗ ತೆಗೆಯಬಹುದಾದ ಖಾತೆಗೆ. ಕಂತೂ ಸೇರಿ ಮೂರು ತಿಂಗಳ ಖರ್ಚು ಮೊದಲ ಗುರಿ, ಬೋನಸ್ ಬಂದಾಗ ಅದನ್ನು ಆರು ತಿಂಗಳಿಗೆ ಏರಿಸುವುದು. ಇಬ್ಬರಲ್ಲಿ ಒಬ್ಬರಿಗೆ ಏನಾದರೂ ಆದರೆ ಸಾಲದ ಮೊತ್ತಕ್ಕೆ ಸಾಕಾಗುವಷ್ಟು ಜೀವ ವಿಮೆ ಇದೆಯಾ ಎಂದೂ ನೋಡಿಕೊಳ್ಳಲು ಹೇಳಿದೆ. ಇರಲಿಲ್ಲ.

ಬಚ್ಚಲಿನ ಪೈಪು ತಕ್ಷಣ ರಿಪೇರಿ ಆಗಬೇಕು. ಇದು ಸುಖದ ಖರ್ಚಲ್ಲ. ಸೋರಿಕೆ ಪೈಪಿನಲ್ಲಿದ್ದಾಗ ಒಂದು ಖರ್ಚು, ಗೋಡೆಗೆ ಇಳಿದ ಮೇಲೆ ಇನ್ನೊಂದು. ರಿಪೇರಿ ಮುಂದೂಡಿ ಅಸಲು ತೀರಿಸುವುದು ಉಳಿತಾಯ ಅನ್ನಿಸುತ್ತದೆ, ಆದರೆ ತೀರುತ್ತಿರುವ ಮನೆಯೇ ಹಾಳಾಗುತ್ತಿರುತ್ತದೆ.

ಆರು ತಿಂಗಳ ಮೇಲೆ ಹೆಚ್ಚುವರಿ ಕಂತು ಮತ್ತೆ ಶುರು, ಆದರೆ ಅರ್ಧ. ಉಳಿದರ್ಧ ಮನೆಯ ಬದುಕಿಗೆ. ಗಂಡ ಅಲ್ಲಿಯೇ ಕೂತು ಲೆಕ್ಕ ಹಾಕಿದರು, ನಾನೂ ತಾಳೆ ನೋಡಿದೆ. 6 ವರ್ಷಕ್ಕೆ ಮುಗಿಯಬೇಕಿದ್ದ ಸಾಲ 8 ವರ್ಷಕ್ಕೆ ಮುಗಿಯುತ್ತದೆ. ಒಟ್ಟು ಹೊರೆ ಸುಮಾರು ಒಂಬತ್ತು ಕಂತಿನಷ್ಟು ಜಾಸ್ತಿ. ಮೂಲ ಅವಧಿಯಲ್ಲಿ 240 ಕಂತು ಕಟ್ಟಬೇಕಿತ್ತು. ಅವರ ಯೋಜನೆಯಲ್ಲಿ ಅದು ಸುಮಾರು 144 ಆಗುತ್ತಿತ್ತು, ಈಗ 153 ಚಿಲ್ಲರೆ. "ಒಂಬತ್ತು ಕಂತು ಕೊಟ್ಟು ಏನು ಸಿಗುತ್ತೆ?" ಎಂದು ಕೇಳಿದರು, ವ್ಯಂಗ್ಯವಿಲ್ಲದೆ. "ಮಗಳು ಹತ್ತರಿಂದ ಹದಿನಾರಕ್ಕೆ ಬರೋವರೆಗಿನ ಸಂಜೆ" ಎಂದು ಹೆಂಡತಿ ಹೇಳಿದರು. ಅರ್ಧ ಕಂತು ಇಳಿದರೆ ಸಂಜೆ ಕೆಲಸವನ್ನು ವಾರಕ್ಕೆ ಎರಡು ದಿನಕ್ಕೆ ಇಳಿಸಬಹುದು ಎಂದು ಆಮೇಲೆ ಗಂಡನೇ ಹೇಳಿದರು.

ಕೆಲಸ ಹೋಗುವ ಭಯ ಇರುವವರಿಗೆ ಇನ್ನೊಂದು ದಾರಿಯೂ ಇದೆ, ಅದನ್ನೂ ಹೇಳಿದೆ. ಅಸಲಿಗೆ ಹೆಚ್ಚು ಕಟ್ಟಿದಾಗ ಅವಧಿ ಇಳಿಸಬೇಕೋ ಕಂತು ಇಳಿಸಬೇಕೋ ಎಂದು ಕೆಲವು ಕಡೆ ಕೇಳುತ್ತಾರೆ. ಸಾಮಾನ್ಯವಾಗಿ ಅವಧಿ ಇಳಿಸಿ ಎನ್ನುವುದೇ ಸಲಹೆ, ಕೈಯಲ್ಲಿ ದುಡ್ಡು ನಿಲ್ಲದವರಿಗೆ ಅದೇ ಒಳ್ಳೆಯದು. ಆದರೆ ಕಂತು ಇಳಿಸಿಕೊಂಡು, ಕೈಯಿಂದ ಮಾತ್ರ ಮೊದಲಿನಷ್ಟೇ ಮೊತ್ತ ಕಟ್ಟುತ್ತಾ ಹೋದರೂ ಸಾಲ ಮುಗಿಯುವುದು ಅದೇ ಹೊತ್ತಿಗೆ. ಕಷ್ಟದ ತಿಂಗಳಲ್ಲಿ ಕಡ್ಡಾಯ ಕಟ್ಟಬೇಕಾದದ್ದು ಕಡಿಮೆ ಇರುತ್ತದೆ. ಶಿಸ್ತಿರುವ ಇವರಂಥವರಿಗೆ ಇದು ಸರಿಹೊಂದುತ್ತದೆ. ಹೆಚ್ಚುವರಿ ಪಾವತಿಗೆ ಶುಲ್ಕ ಇದೆಯಾ ಎಂದು ಸಾಲದ ಕರಾರು ಓದಬೇಕು. ಬಡ್ಡಿದರ ಬದಲಾಗುವ ಸಾಲವಾದರೆ ದರ ಏರಿದಾಗ ಕಂತು ಹಾಗೇ ಇದ್ದು ಅವಧಿ ಮಾತ್ರ ಸದ್ದಿಲ್ಲದೆ ಉದ್ದವಾಗಿರಬಹುದು. ವರ್ಷಕ್ಕೊಮ್ಮೆ ಲೆಕ್ಕದ ಹಾಳೆ ತರಿಸಿ ನೋಡಬೇಕು.

ಮನೆಯ ಪಾಲಿನ ದುಡ್ಡಿಗೆ ಒಂದೇ ನಿಯಮ ಇಟ್ಟೆವು: ಅದನ್ನು ದಿನದ ಲೆಕ್ಕಕ್ಕೆ ಇಳಿಸುವಂತಿಲ್ಲ. ಕುರ್ಚಿ ಬಂದರೆ ಕುರ್ಚಿ, ಅಷ್ಟೆ. ಆ ತಿಂಗಳು ಖರ್ಚಾಗದೆ ಉಳಿದರೂ ಅಸಲಿಗೆ ಹಾಕುವಂತಿಲ್ಲ, ಮುಂದಿನ ತಿಂಗಳಿಗೆ ಇರಲಿ. ಗಂಡನಿಗೆ ಅತಿ ಕಷ್ಟವಾದದ್ದು ಇದೇ.

ಜೊತೆಗೆ ಮೂವರೂ ಬೇರೆ ಬೇರೆ ಕೂತು, ಮಾಮೂಲಿ ವಾರದಲ್ಲಿ ಮನೆಯಲ್ಲಿ ಏನೇನು ಬೇಕು ಎಂದು ಬರೆದು ತರಲು ಹೇಳಿದ್ದೆ. ಮೂರೂ ಪಟ್ಟಿಗಳಲ್ಲಿ ದುಡ್ಡು ಬೇಡುವ ಸಾಲುಗಳು ಬೆರಳೆಣಿಕೆಯಷ್ಟು. ಒಟ್ಟಿಗೆ ರಾತ್ರಿ ಊಟ. ಕಿಟಕಿ ಪಕ್ಕ ಕೂರಲು ಜಾಗ. ಡಬ್ಬ ಬಿಚ್ಚಿ ಫೋಟೋ ಗೋಡೆಗೆ ಹಾಕುವುದು. ಗೆಳತಿಯರನ್ನು ಕರೆಯುವುದು. "ಅಪ್ಪ ಫೈಲ್ ನೋಡಬಾರದು" ಎಂದು ಮಗಳು ಬರೆದಿದ್ದಳು. ಫೈಲನ್ನು ತಿಂಗಳಿಗೆ ಒಮ್ಮೆ, ಹೆಂಡತಿಯ ಜೊತೆ ಕೂತು ಮಾತ್ರ ತೆರೆಯುವುದು ಎಂದು ಒಪ್ಪಿಸಿದೆ. ಎಲ್ಲ ಖರ್ಚಿನ ವಿವರ ಇಬ್ಬರ ಮುಂದೆ. ಕಾರ್ಡ್ ಆಕೆಯ ಹತ್ತಿರವೇ ಇದೆ, ಬಿಲ್ಲು ಇಬ್ಬರಿಗೂ ಬರುತ್ತದೆ.

ಕೆಲವು ತಿಂಗಳ ನಂತರ ಮತ್ತೆ ಭೇಟಿಯಾದರು. ಕಾರ್ಡ್ ಬಾಕಿ ತೀರಿದೆ, ಬಚ್ಚಲು ಸರಿಯಾಗಿದೆ, ವಿಮೆ ಆಗಿದೆ. ಗಂಡ ಈಗಲೂ ಮನಸ್ಸಲ್ಲೇ ದಿನ ಎಣಿಸುತ್ತಾರಂತೆ, ಬಾಯಿಬಿಟ್ಟು ಹೇಳುವುದಿಲ್ಲ. ಅದನ್ನು ಬಿಡಿಸುವ ಹಟ ನನಗಿಲ್ಲ. ಬೋನಸ್ ವಿಷಯದಲ್ಲಿ ಮಾತ್ರ ಇನ್ನೂ ಒಮ್ಮತ ಬಂದಿಲ್ಲ. ತುರ್ತು ಖಾತೆ ತುಂಬಿದ ಮೇಲೆ ಉಳಿದದ್ದೆಲ್ಲ ಅಸಲಿಗೆ ಎನ್ನುತ್ತಾರೆ ಅವರು, ಗೋಡೆಗೆ ಬಣ್ಣ ಎನ್ನುತ್ತಾರೆ ಆಕೆ. ಈ ವರ್ಷಕ್ಕೆ ಅರ್ಧ ಅರ್ಧ ಎಂದುಕೊಂಡಿದ್ದಾರೆ. ಅರ್ಧದಲ್ಲಿ ಮಗಳ ಕೋಣೆಗೆ ಮಾತ್ರ ಬಣ್ಣ ಸಾಕಾಗುತ್ತದಂತೆ.