ಸಂಪಾದಕರ ಉತ್ತರ: ಹೆದರಿಕೆ ಇದೆ ಅಂದರೆ ನಂಬಿಕೆ ಇಲ್ಲ ಅಂತಲ್ಲ

ಸಾಗರ ತಾಲ್ಲೂಕಿನ ಸಹೋದರಿಯೊಬ್ಬರ ಪತ್ರ, ಚಿಕ್ಕದಾಗಿ: "ಮಂಗನ ಕಾಯಿಲೆಯಲ್ಲಿ ನನ್ನ ನಾದಿನಿ ತೀರಿಕೊಂಡಳು. ಆಮೇಲೆ ಸೊಪ್ಪು ತರುವ ಕಾಡಿಗೆ, ಸೊಪ್ಪಿನಬೆಟ್ಟಕ್ಕೆ ಹೋಗಲು ಕಾಲೇ ಬರುವುದಿಲ್ಲ. ರಾತ್ರಿ ಎದ್ದೆದ್ದು ಮಕ್ಕಳ ಹಣೆ ಮುಟ್ಟಿ ನೋಡುತ್ತೇನೆ. ಅವಳ ಮಗ ಈಗ ನಮ್ಮ ಮನೆಯಲ್ಲೇ ಇದ್ದಾನೆ, ಅವನನ್ನು ಪಕ್ಕದಲ್ಲಿ ಮಲಗಿಸಿಕೊಳ್ಳೋಕೂ ಭಯ. ಪ್ರಾರ್ಥನೆ ಮಾಡಿದರೂ ಹೋಗ್ತಿಲ್ಲ. ಭಯಪಡೋದು ಪಾಪ, ನಿನ್ನ ನಂಬಿಕೆ ಸರಿಯಿಲ್ಲ ಅಂತ ಸಭೆಯಲ್ಲಿ ಒಬ್ಬರು ಅಂದರು. ಚೌಡಿಗೆ ಕೋಳಿ ಕೊಡೋದು ನಿಲ್ಲಿಸಿದ್ದಕ್ಕೇ ಹೀಗಾಯ್ತು ಅಂತ ಪಕ್ಕದ ಮನೆಯವರು ಅಂತಾರೆ. ದೇವರು ನನ್ನ ಕೈಬಿಟ್ಟಿದ್ದಾನಾ?"

ಪ್ರೀತಿಯ ಸಹೋದರಿ, ಕ್ರಿಸ್ತನಲ್ಲಿ ವಂದನೆಗಳು.

ನಿಮ್ಮ ಕೊನೆಯ ಪ್ರಶ್ನೆಗೇ ಮೊದಲು ಉತ್ತರ. ಇಲ್ಲ, ಕೈಬಿಟ್ಟಿಲ್ಲ. ಭಯಪಡೋದು ಪಾಪ ಅಂತ ಹೇಳಿದವರು ಒಳ್ಳೆಯ ಮನಸ್ಸಿನಿಂದಲೇ ಹೇಳಿರಬಹುದು, ಆದರೆ ತಪ್ಪು ಹೇಳಿದ್ದಾರೆ. ಮಾರ್ಕನ ಸುವಾರ್ತೆಯ 14ನೇ ಅಧ್ಯಾಯ ತೆಗೆದು ಓದಿ. ಗೆತ್ಸೇಮನೆ ತೋಟದಲ್ಲಿ ಯೇಸುಸ್ವಾಮಿ ತಲ್ಲಣಿಸಿದರು, ನನ್ನ ಪ್ರಾಣ ಸಾಯುವಷ್ಟು ದುಃಖಪಡುತ್ತಿದೆ ಅಂದರು, ಪೇತ್ರ, ಯಾಕೋಬ, ಯೋಹಾನರನ್ನು ಪಕ್ಕದಲ್ಲಿ ಎಚ್ಚರವಾಗಿರಿ ಅಂತ ಕೇಳಿಕೊಂಡರು. ಈ ಪಾತ್ರೆ ನನ್ನಿಂದ ತೊಲಗಲಿ ಅಂತ ಬೇಡಿಕೊಂಡರು. ಅದು ತೊಲಗಲಿಲ್ಲ. ಆದರೂ ಎದ್ದು, ಹಿಡಿಯಲು ಬಂದವರ ಎದುರಿಗೇ ಹೋದರು. ಪಾಪವೇ ಇಲ್ಲದವರು ಅಷ್ಟು ತಲ್ಲಣಿಸಿದ್ದಾರೆ ಅಂದಮೇಲೆ ನಿಮ್ಮ ಎದೆಬಡಿತವನ್ನು ಪಾಪದ ಲೆಕ್ಕಕ್ಕೆ ಬರೆಯೋಕೆ ಯಾರಿಗೆ ಹಕ್ಕಿದೆ?

ನಿಮ್ಮ ಪತ್ರವನ್ನು ಮತ್ತೆ ಮತ್ತೆ ಓದಿದಾಗ ಅದರಲ್ಲಿ ಎರಡು ಭಯ ಕಂಡವು. ಒಂದು ಕಾಯಿಲೆಯ ಭಯ. ಇನ್ನೊಂದು, ಯಾರೋ ನನ್ನ ಮೇಲೆ ಸಿಟ್ಟಾಗಿದ್ದಾರೆ, ಅದಕ್ಕೇ ಹೀಗಾಯ್ತು ಅನ್ನೋ ಭಯ. ಪಕ್ಕದ ಮನೆಯವರು ಚೌಡಿಯ ಸಿಟ್ಟು ಅಂದರು, ಸಭೆಯವರು ದೇವರ ಸಿಟ್ಟು ಅನ್ನುವ ಹಾಗೆ ಮಾತಾಡಿದರು, ಎರಡೂ ಕೊನೆಗೆ ಒಂದೇ ಅಲ್ವಾ? ಕ್ರಿಸ್ತನ ನಂಬಿಕೆ ಮೊದಲು ಕೈ ಹಾಕೋದು ಈ ಎರಡನೆಯದಕ್ಕೆ. ಲೂಕನ ಸುವಾರ್ತೆ 13ರಲ್ಲಿ ಸಿಲೊವಾಮಿನ ಬುರುಜು ಬಿದ್ದು ಸತ್ತ 18 ಜನರ ಮಾತು ಬರುತ್ತದೆ. ಅವರು ಊರಿನ ಉಳಿದವರಿಗಿಂತ ಹೆಚ್ಚು ಪಾಪಿಗಳಾ ಅಂತ ಯೇಸುಸ್ವಾಮಿಯೇ ಕೇಳಿ, ಇಲ್ಲ ಅಂತ ತಾವೇ ಹೇಳುತ್ತಾರೆ. ಎಲ್ಲರೂ ದೇವರ ಕಡೆ ತಿರುಗಿಕೊಳ್ಳಿ ಅನ್ನುತ್ತಾರೆ, ಆದರೆ ಸತ್ತವರ ತಪ್ಪು ಹುಡುಕೋಕೆ ಬಿಡುವುದಿಲ್ಲ. ನಿಮ್ಮ ನಾದಿನಿಯ ಸಾವಿಗೂ ಇದೇ ಮಾತು. ಮಂಗನ ಕಾಯಿಲೆ ಮೊದಲು ಗೊತ್ತಾಗಿದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಉಣುಗು ಅನ್ನೋ ರಕ್ತ ಹೀರುವ ಸಣ್ಣ ಹುಳದಲ್ಲಿರುವ ವೈರಸ್‌ನಿಂದ ಅದು ಬರುತ್ತದೆ. ಯಾರ ಮನೆಯಲ್ಲಿ ಯಾವ ಪೂಜೆ ಅಂತ ಕೇಳಿಕೊಂಡು ಉಣುಗು ಕಚ್ಚುವುದಿಲ್ಲ. ಪಕ್ಕದ ಮನೆಯವರ ಜೊತೆ ಇದಕ್ಕೆ ಜಗಳ ಬೇಡ, ಅವರೂ ಹೆದರಿದ್ದಾರೆ.

ಕಾಯಿಲೆಯ ಭಯದ ವಿಷಯ ಬೇರೆ. ಅದರಲ್ಲಿ ಸ್ವಲ್ಪ ಭಾಗ ಸುಮ್ನೆ ಎಚ್ಚರಿಕೆ, ಅದು ಇರಲಿ. ಡಿಸೆಂಬರ್‌ನಿಂದ ಮೇವರೆಗೆ ಕಾಡಿಗೆ, ದರಗು (ಒಣಗಿದ ಎಲೆ) ಗುಡಿಸೋಕೆ ಹೋಗುವಾಗ, ಉಣುಗು ಹತ್ತದ ಹಾಗೆ ಆಸ್ಪತ್ರೆಯವರು ಕೊಡುವ ಡೇಪಾ ಎಣ್ಣೆ ಹಚ್ಚಿಕೊಳ್ಳಿ. ಬಂದಮೇಲೆ ಬಿಸಿನೀರಲ್ಲಿ ಸ್ನಾನ ಮಾಡಿ, ಬಟ್ಟೆ ಒಗೆಯಿರಿ. ಮಂಗ ಸತ್ತು ಬಿದ್ದಿದ್ದು ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಜ್ವರ ಬಂದರೆ ಅವತ್ತೇ ತೋರಿಸಿ. ಎಣ್ಣೆ ಹಚ್ಚಿಕೊಂಡರೆ ನಂಬಿಕೆ ಕಡಿಮೆ ಅಂತ ಯಾರಾದರೂ ಅಂದರೆ ಕೇಳಬೇಡಿ.

ಮುಖ್ಯವಾದದ್ದು ಇನ್ನೊಂದಿದೆ. ಈ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಆ ಹುಡುಗನನ್ನು ತಬ್ಬಿಕೊಂಡರೆ ನಿಮಗಾಗಲಿ ನಿಮ್ಮ ಮಕ್ಕಳಿಗಾಗಲಿ ಏನೂ ಆಗುವುದಿಲ್ಲ.

ಇಷ್ಟು ಗೊತ್ತಾದಮೇಲೂ ಭಯ ಉಳಿಯುತ್ತದೆ, ಅದು ನನಗೆ ಗೊತ್ತು. ಯಾಕೆಂದರೆ ತಳದಲ್ಲಿರೋದು ಸಾವಿನ ಭಯ. ಮೆಥಡಿಸ್ಟ್ ಪಂಗಡಕ್ಕೆ ಬುನಾದಿ ಹಾಕಿದ ಇಂಗ್ಲಿಷ್ ಪಾದ್ರಿ ಜಾನ್ ವೆಸ್ಲಿಯವರ ಹೆಸರು ನೀವು ಕೇಳಿರಬೇಕು, ಅವರ ಹಿಂಬಾಲಕರ ಮಿಷನ್ನೇ ನಮ್ಮ ಶಿವಮೊಗ್ಗದಲ್ಲೂ ಕೆಲಸ ಮಾಡಿದ್ದು. 1736ರಲ್ಲಿ ಅವರು ಅಮೆರಿಕಕ್ಕೆ ಹಡಗಿನಲ್ಲಿ ಹೋಗುವಾಗ ದೊಡ್ಡ ಬಿರುಗಾಳಿ ಬಂತು. ಹಾಯಿ ಹರಿಯಿತು, ನೀರು ಒಳಗೆ ನುಗ್ಗಿತು, ಇಂಗ್ಲಿಷರು ಕಿರುಚಾಡಿದರು. ಅದೇ ಹಡಗಿನಲ್ಲಿದ್ದ ಮೊರೇವಿಯನ್ ಪಂಗಡದ ಜರ್ಮನ್ನರು, ಹೆಂಗಸರು ಮಕ್ಕಳು ಸೇರಿ, ಕೀರ್ತನೆ ಹಾಡೋದನ್ನು ನಿಲ್ಲಿಸಲಿಲ್ಲ. ವೆಸ್ಲಿ ಆಗಲೇ ದೀಕ್ಷೆ ಪಡೆದ ಪಾದ್ರಿ, ಆದರೂ ತನಗೆ ಸಾಯಲು ಭಯ ಅಂತ ಬಚ್ಚಿಡದೆ ಬರೆದುಕೊಂಡರು. ದೇವರು ಅವರನ್ನು ಆಚೆ ತಳ್ಳಲಿಲ್ಲ. 1738ರ ಮೇ 24ರ ಸಂಜೆ ಲಂಡನ್ನಿನ ಒಂದು ಸಣ್ಣ ಕೂಟದಲ್ಲಿ, ಕ್ರಿಸ್ತ ನನ್ನ ಪಾಪವನ್ನೂ ತೆಗೆದಿದ್ದಾನೆ ಅನ್ನೋ ಭರವಸೆ ಅವರಿಗೆ ಸಿಕ್ಕಿತು. ನಡುವಿನ ಎರಡು ವರ್ಷವೂ ಅವರು ದೇವರನ್ನು ಹುಡುಕುತ್ತಲೇ ಇದ್ದರು. ನೀವೂ ಈಗ ಆ ನಡುವಿನ ಕಾಲದಲ್ಲಿದ್ದೀರಿ ಅಂತ ನನಗನ್ನಿಸುತ್ತದೆ.

ಸಾವಿನ ಭಯದಿಂದ ಬದುಕಿಡೀ ದಾಸರಾಗಿದ್ದವರನ್ನು ಬಿಡಿಸೋಕೇ ಕ್ರಿಸ್ತ ತಾನೂ ಸತ್ತ ಅಂತ ಇಬ್ರಿಯರಿಗೆ ಬರೆದ ಪತ್ರ ಹೇಳುತ್ತದೆ. ಬಿಡುಗಡೆ ಅಂದರೆ ಎದೆ ಹೊಡೆದುಕೊಳ್ಳೋದು ನಿಂತುಹೋಗೋದಲ್ಲ. ಭಯ ಹೇಳಿದ ಹಾಗೆ ಕೇಳಬೇಕಾದ ಗುಲಾಮಗಿರಿ ಮುಗಿಯೋದು. ನಿಮ್ಮ ನಾದಿನಿಯ ಮೇಲೆ ಸಾವಿಗೆ ಕೊನೆಯ ಅಧಿಕಾರ ಇಲ್ಲ, ಕ್ರಿಸ್ತ ಎದ್ದಿದ್ದಾನೆ. ಇದನ್ನು ನಾನು ಸಮಾಧಾನಕ್ಕೆ ಹೇಳುತ್ತಿಲ್ಲ, ನಂಬಿದ್ದೇನೆ.

ಇನ್ನು ನಿದ್ದೆಯ ವಿಷಯ. ಈಜೆಬೆಲ್ ರಾಣಿಗೆ ಹೆದರಿ ಓಡಿದ ಪ್ರವಾದಿ ಎಲೀಯ ಕಾಡಿನಲ್ಲಿ ಒಂದು ಗಿಡದ ಕೆಳಗೆ ಕೂತು, ನನ್ನ ಪ್ರಾಣ ತೆಗೆದುಬಿಡು ಅಂತ ದೇವರನ್ನು ಕೇಳಿದ. ದೇವರು ಅವನಿಗೆ ಉಪದೇಶ ಮಾಡಲಿಲ್ಲ, ಬಯ್ಯಲೂ ಇಲ್ಲ. ಮಲಗಲು ಬಿಟ್ಟ. ದೂತ ಬಂದು ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆಯಲ್ಲಿ ನೀರು ಕೊಟ್ಟ. ತಿಂದು ಮತ್ತೆ ಮಲಗಿದ, ಮತ್ತೆ ಎಬ್ಬಿಸಿ ಊಟ ಕೊಟ್ಟ. ಮಾತುಕತೆ ಎಲ್ಲ ಆಮೇಲೆ. ಹಾಗಾಗಿ ಹೊಟ್ಟೆ ತುಂಬ ಊಟ ಮಾಡಿ. ತುಂಬ ದಿನದಿಂದ ನಿದ್ದೆ ಇಲ್ಲ ಅಂದರೆ ಡಾಕ್ಟರ್ ಹತ್ತಿರ ಹೋಗಿ, ಮನಸ್ಸಿನ ಡಾಕ್ಟರ್ ಆದರೂ ಸರಿ, ನಾಚಿಕೆ ಬೇಡ. ಟೆಲಿ ಮಾನಸ್ ಅಂತ ಸರ್ಕಾರದ ಉಚಿತ ಸಹಾಯವಾಣಿ ಇದೆ, 14416, ಕನ್ನಡದಲ್ಲೇ ಮಾತಾಡಬಹುದು.

ರಾತ್ರಿ ಎಚ್ಚರ ಆದಾಗ ಉದ್ದದ ಪ್ರಾರ್ಥನೆ ಬೇಡ. ಕೀರ್ತನೆ 56ರಲ್ಲಿ, ಫಿಲಿಷ್ಟಿಯರ ಕೈಗೆ ಸಿಕ್ಕಿಬಿದ್ದ ದಾವೀದ, ಭಯವಾದಾಗ ನಿನ್ನನ್ನೇ ನಂಬುತ್ತೇನೆ ಅನ್ನುತ್ತಾನೆ. ಅಷ್ಟೇ ಹೇಳಿ ಸಾಕು.

ಪೂರ್ಣವಾದ ಪ್ರೀತಿ ಭಯವನ್ನು ಓಡಿಸುತ್ತದೆ ಅಂತ ಯೋಹಾನ ತನ್ನ ಮೊದಲ ಪತ್ರದಲ್ಲಿ ಬರೆದಿದ್ದಾನಲ್ಲ, ಅದು ಮೊದಲು ದೇವರು ನಮ್ಮನ್ನು ಪ್ರೀತಿಸಿದ ಪ್ರೀತಿ. ಆದರೆ ಅದು ನಮ್ಮ ಕೈಯಿಂದಲೂ ಹರಿಯಬೇಕು. ನಿಮ್ಮ ಮನೆಯಲ್ಲಿ ನಿಮಗಿಂತ ಜಾಸ್ತಿ ಹೆದರಿರೋದು ಆ ಹುಡುಗ. ಅವನಿಗೆ ಅಮ್ಮ ಇಲ್ಲ, ಅತ್ತೆ ಯಾಕೆ ದೂರ ಇಡ್ತಾರೆ ಅಂತ ಅವನಿಗೆ ಅರ್ಥ ಆಗಿರಲ್ಲ. ಇವತ್ತು ರಾತ್ರಿಯೇ ಅವನ ಹಾಸಿಗೆಯನ್ನು ನಿಮ್ಮ ಪಕ್ಕಕ್ಕೆ ಎಳೆದುಕೊಳ್ಳಿ. ಭಯ ಹೋದಮೇಲೆ ಮಾಡ್ತೀನಿ ಅಂತ ಕಾಯಬೇಡಿ, ನಡುಗುವ ಕೈಯಲ್ಲೇ ಮಾಡಿ. ನನಗೂ ಭಯ ಆಗುತ್ತೆ ಕಣೋ ಅಂತ ಅವನಿಗೆ ಹೇಳಿದರೂ ತಪ್ಪಿಲ್ಲ.

ಭಾನುವಾರ ಸಭಾಪಾಲಕರಿಗೋ ಅವರ ಮನೆಯವರಿಗೋ ಈ ಪತ್ರ ತೋರಿಸಿ, ಮನೆಗೆ ಬಂದು ಪ್ರಾರ್ಥನೆ ಮಾಡಲು ಕೇಳಿ. ಮಳೆ ಹಿಡಿಯೋ ಮೊದಲು ಇನ್ನೊಂದು ಪತ್ರ ಬರೆಯಿರಿ, ಹುಡುಗ ಹೇಗಿದ್ದಾನೆ ಅಂತ ತಿಳಿಸಿ.

ನಿಮ್ಮ,
ಸಂಪಾದಕ