ಪ್ರತಿಕ್ರಿಯೆ: ಟೀಚರ್ ರಜೆ ಹಾಕಿದ್ರೆ ಸಬ್‌ಸ್ಟಿಟ್ಯೂಟ್ ದುಡ್ಡು ಯಾರು ಕೊಡ್ಬೇಕು?

ನಿಮ್ಮ ಮಿಸೆಸ್ಸು ಕ್ಯಾಲಿಫೋರ್ನಿಯಾದಲ್ಲಿ ಸರ್ಕಾರಿ ಸ್ಕೂಲ್ ಟೀಚರ್, ಆಪರೇಷನ್ ಆಗಿ ಮನೇಲಿದಾರೆ, ಸ್ಕೂಲ್ ಡಿಸ್ಟ್ರಿಕ್ಟ್‌ನೋರು (ಅಲ್ಲಿನ ಸರ್ಕಾರಿ ಸ್ಕೂಲ್‌ಗಳನ್ನ ನಡೆಸೋರು) ಇವರ ಬದ್ಲಿಗೆ ಪಾಠ ಮಾಡೋ ಸಬ್‌ಸ್ಟಿಟ್ಯೂಟ್ ಟೀಚರ್ (ಸಬ್) ಖರ್ಚನ್ನ ಇವರ ಸಂಬಳದಲ್ಲೇ ಹಿಡೀತಿದಾರೆ, ಇದು ಸರೀನಾ ಅಂತ ಕೇಳಿದೀರಲ್ಲ ಸರ್, ಕೇಳೋಕೆ ಅನ್ಯಾಯ ಅನ್ಸತ್ತೆ ಆದ್ರೆ ಕಾನೂನೇ ಹಾಗಿದೆ. ಕ್ಯಾಲಿಫೋರ್ನಿಯಾದ ಶಿಕ್ಷಣ ಕಾನೂನು, ಅಂದ್ರೆ ಎಜುಕೇಶನ್ ಕೋಡ್‌ನ ಸೆಕ್ಷನ್ 44977 ನೋಡಿ. ವರ್ಷಕ್ಕೆ 10 ದಿನ ಸಿಕ್ ಲೀವು, ಹಳೇದು ಉಳಿದಿದ್ರೆ ಅದೂ ಸೇರತ್ತೆ, ಅದೆಲ್ಲ ಖಾಲಿಯಾದ್ಮೇಲೆ 5 ಸ್ಕೂಲ್ ತಿಂಗಳವರೆಗೆ ಸಂಬಳದಲ್ಲಿ ಸಬ್‌ಗೆ ಕೊಟ್ಟಷ್ಟು ಕಳೆದು ಮಿಕ್ಕಿದ್ದು ಕೊಡ್ತಾರೆ. ಅಂದ್ರೆ ದಿನಕ್ಕೆ 400 ಡಾಲರ್ ಸಂಬಳ, ಸಬ್‌ಗೆ 220 ಅಂತಿಟ್ಕೊಳಿ, ಕೈಗೆ ಬರೋದು 180. ತಮಾಷೆ ಏನಪ್ಪಾ ಅಂದ್ರೆ ಆ ದಿನ ಸಬ್ ಯಾರೂ ಬರ್ದೇ ಇದ್ರೂ, ಬಂದಿದ್ರೆ ಎಷ್ಟು ಕೊಡ್ತಿದ್ರೋ ಅಷ್ಟು ಹಿಡೀಬಹುದು!

2019ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕ್ಯಾನ್ಸರ್ ಆಗಿದ್ದ ಟೀಚರ್ ಒಬ್ರಿಗೆ ಹೀಗೇ ಆಗಿ ಮಕ್ಕಳ ಅಪ್ಪ ಅಮ್ಮಂದಿರೇ ಚಂದಾ ಎತ್ತಿದ್ರು, ದೊಡ್ಡ ಸುದ್ದಿ ಆಗಿತ್ತು.

ನಮ್ಮನೇಲೂ ಇದೇ ಕತೆ, ಪೇಸ್ಲಿಪ್ ಇಟ್ಕೊಂಡು ಕೂತಾಗ ಸಿಕ್ ಲೀವ್ ಇನ್ನೂ ಮೂರು ದಿನ ಇರುವಾಗ್ಲೇ ಕಟ್ ಶುರು ಮಾಡಿದ್ದು ಗೊತ್ತಾಯ್ತು, ಮೇಲ್ ಹಾಕಿದ್ಮೇಲೆ ವಾಪಸ್ ಕೊಟ್ರು. ನೀವೂ ಮೊದ್ಲು ಸಿಕ್ ಲೀವ್ ಎಷ್ಟು ಉಳಿದಿದೆ ಅಂತ ಲೆಕ್ಕ ಹಾಕಿ. ಕೆಲವು ಡಿಸ್ಟ್ರಿಕ್ಟ್‌ಗಳಲ್ಲಿ ಇದರ ಬದ್ಲು ಕನಿಷ್ಠ ಅರ್ಧ ಸಂಬಳ ಅನ್ನೋ ರೂಲ್ ಇರತ್ತೆ, ಬೇರೆ ಟೀಚರ್‌ಗಳು ತಮ್ಮ ರಜೆ ದಾನ ಕೊಡೋ ಲೀವ್ ಬ್ಯಾಂಕೂ ಇರಬಹುದು, ಟೀಚರ್ಸ್ ಯೂನಿಯನ್ ಪ್ರತಿನಿಧೀನ ಇವತ್ತೇ ಕೇಳಿ.