ಟಿಕೆಟ್‌ನ ಗಂಟೆಯೂ ಗಡಿಯಾರದ ಗಂಟೆಯೂ

ಪ್ರಶ್ನೆ: ಟಿಕೆಟ್‌ನಲ್ಲಿ ಬೆಳಿಗ್ಗೆ 10ಕ್ಕೆ ಮಂಗಳೂರು ಬಿಟ್ಟು 12.15ಕ್ಕೆ ದುಬೈ ಎಂದಿದೆ. ವಾಪಸು ಬರುವಾಗ ಮಧ್ಯಾಹ್ನ 1ಕ್ಕೆ ಹೊರಟು ಸಂಜೆ 6ಕ್ಕೆ ಮಂಗಳೂರು. ಹೋಗಲು ಎರಡೂಕಾಲು ಗಂಟೆ, ಬರಲು ಐದು ಗಂಟೆಯೇ?
– ಓದುಗರು, ಬದಿಯಡ್ಕ

ಉತ್ತರ: ಅಲ್ಲ. ಟಿಕೆಟ್‌ನಲ್ಲಿ ಹೊರಡುವ ಸಮಯ ಹೊರಡುವ ಊರಿನದು, ತಲಪುವ ಸಮಯ ತಲಪುವ ಊರಿನದು. ದುಬೈ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ. ಹೋಗುವ ಲೆಕ್ಕಕ್ಕೆ ಅದನ್ನು ಕೂಡಿಸಿ, 3 ಗಂಟೆ 45 ನಿಮಿಷ. ಬರುವ ಲೆಕ್ಕದಿಂದ ಕಳೆಯಿರಿ, 3 ಗಂಟೆ 30 ನಿಮಿಷ. ಉಳಿದ ಕಾಲು ಗಂಟೆಗೆ ಗಾಳಿ ಕಾರಣ. ವಿಮಾನ ಹಾರುವ ಹತ್ತು–ಹನ್ನೊಂದು ಕಿ.ಮೀ. ಎತ್ತರದಲ್ಲಿ, ಒಮಾನ್ ಕಡೆ, ಚಳಿಗಾಲದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಗಾಳಿ ಜೋರು. ಹೋಗುವಾಗ ಅದು ಎದುರು, ಬರುವಾಗ ಬೆನ್ನಿಗೆ.

ಇದಕ್ಕಿಂತ ದೊಡ್ಡ ಎಡವಟ್ಟು ತಾರೀಕಿನದು. 15ರಂದು 00.30ಕ್ಕೆ (ಅಂದರೆ 14ರ ನಡುರಾತ್ರಿ ಕಳೆದು ಅರ್ಧ ಗಂಟೆಗೆ) ವಿಮಾನ ಎಂದಿದ್ದರೆ ಮನೆ ಬಿಡಬೇಕಾದ್ದು 14ರ ಸಂಜೆ. 15ರ ರಾತ್ರಿ ಊಟ ಮುಗಿಸಿ ಹೊರಟರೆ ವಿಮಾನ ಹೋಗಿ ಒಂದು ದಿನವಾಗುತ್ತದೆ.

ಪ್ರಶ್ನೆ: ಮಂಗಳೂರು–ದುಬೈ ದೂರ ಒಂದು ಕಡೆ 2,460, ಇನ್ನೊಂದು ಕಡೆ 1,530, ಮತ್ತೊಂದು ಕಡೆ 1,330 ಎಂದಿದೆ. ಯಾವುದು ಸರಿ?
– ಓದುಗರು, ಉಪ್ಪಳ

ಉತ್ತರ: ಮೂರೂ ಸರಿ. ಮೊದಲನೆಯದು ಕಿಲೋಮೀಟರ್, ಎರಡನೆಯದು ಮೈಲಿ, ಮೂರನೆಯದು ವಿಮಾನದವರು ಬಳಸುವ ನಾಟಿಕಲ್ ಮೈಲಿ (1.852 ಕಿ.ಮೀ.). ಇದು ನೇರ ದೂರ. ವಿಮಾನ ಗೊತ್ತುಪಡಿಸಿದ ದಾರಿಯಲ್ಲೇ ಹೋಗಬೇಕಾದ್ದರಿಂದ ಸ್ವಲ್ಪ ಹೆಚ್ಚು ಹಾರುತ್ತದೆ.

ಸಮಯ ಅಂದಾಜಿಸಲು ಕಿ.ಮೀ.ಯನ್ನು 800ರಿಂದ ಭಾಗಿಸಿ 40 ನಿಮಿಷ ಸೇರಿಸಿ. ರನ್‌ವೇಗೆ ಹೋಗುವುದು, ಮೇಲೇರುವುದು, ಇಳಿಯಲು ಸರದಿ ಕಾಯುವುದು – ದೂರ ಎಷ್ಟೇ ಇರಲಿ, ಆ 40 ನಿಮಿಷ ತಪ್ಪುವುದಿಲ್ಲ. ದುಬೈಗೆ 3 ಗಂಟೆ 5 ನಿಮಿಷಕ್ಕೆ 40 ಸೇರಿ ಮೂರೂಮುಕ್ಕಾಲು. ಬೆಂಗಳೂರು ನೇರ ದೂರದಲ್ಲಿ ಬರೇ 305 ಕಿ.ಮೀ.; ಹಾರಾಟ 23 ನಿಮಿಷದ್ದಾದರೂ ಟಿಕೆಟ್‌ನಲ್ಲಿ ಗಂಟೆಯ ಮೇಲೆ ಕಾಣುವುದು ಇದರಿಂದಲೇ.

ಪ್ರಶ್ನೆ: ದುಬೈ ವಿಮಾನ ಹತ್ತಲು ನಮಗೆ ಕಣ್ಣೂರು ಒಳ್ಳೆಯದೋ ಮಂಗಳೂರೋ?
– ಓದುಗರು, ಹೊಸದುರ್ಗ (ಕಾಸರಗೋಡು ಜಿಲ್ಲೆ)

ಉತ್ತರ: ಆಕಾಶದಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ಕಣ್ಣೂರಿನಿಂದ ದುಬೈ ಸುಮಾರು 2,590 ಕಿ.ಮೀ., ಅಂದರೆ ಹತ್ತು ನಿಮಿಷ ಜಾಸ್ತಿ. ನೋಡಬೇಕಾದ್ದು ರಸ್ತೆ. ಕಾಸರಗೋಡು ಪೇಟೆಯವರಿಗೆ ಬಜಪೆ (ಮಂಗಳೂರು ವಿಮಾನ ನಿಲ್ದಾಣ) ಸುಮಾರು 65 ಕಿ.ಮೀ., ಮಟ್ಟನ್ನೂರು (ಕಣ್ಣೂರು ವಿಮಾನ ನಿಲ್ದಾಣ) 110ರ ಮೇಲೆ. ಅವರಿಗೆ ಯೋಚನೆಯೇ ಬೇಡ. ನಿಮ್ಮಲ್ಲಿಗೆ ಎರಡೂ ಹೆಚ್ಚುಕಡಿಮೆ ಸಮ, ಟಿಕೆಟ್ ಯಾವ ಕಡೆ ಅಗ್ಗವೋ ಆ ಕಡೆ ಹೊರಡಿ. ವಿದೇಶಿ ವಿಮಾನಕ್ಕೆ ಮೂರು ಗಂಟೆ ಮೊದಲು ತಲಪಬೇಕು. ಕೌಂಟರ್ ಸಾಮಾನ್ಯವಾಗಿ ಒಂದು ಗಂಟೆ ಮೊದಲೇ ಮುಚ್ಚುತ್ತದೆ. ಮಂಗಳೂರಿಗಾದರೆ ತೊಕ್ಕೊಟ್ಟು, ಪಂಪ್‌ವೆಲ್, ನಂತೂರು ದಾಟಲು ಬೆಳಿಗ್ಗೆ ಮತ್ತು ಸಂಜೆ ಅರ್ಧ ಗಂಟೆ ಹೆಚ್ಚು ಇಟ್ಟುಕೊಳ್ಳಿ. ರೈಲಿನಲ್ಲಿ ಹೋಗುವವರು ಸ್ಟೇಷನ್‌ನಿಂದ ವಿಮಾನ ನಿಲ್ದಾಣಕ್ಕೆ ಟ್ಯಾಕ್ಸಿಯ ಮುಕ್ಕಾಲು ಗಂಟೆಯನ್ನೂ ಲೆಕ್ಕಕ್ಕೆ ಸೇರಿಸಬೇಕು.